ಸ್ಕ್ರೂ ಕಂಡಲ್ಲಿ ಬಟ್ಟೆ ನಿಲ್ಲಲಿ

ಮಳೆ ಮುಗಿಯಿತು. ಮೂಲೆಯಲ್ಲಿ ಕೂತಿದ್ದ ಓಟಿಜಿಗಳು, ಅಂದರೆ ಓವನ್, ಟೋಸ್ಟರ್, ಗ್ರಿಲ್ ಮೂರೂ ಆಗುವ ಚಿಕ್ಕ ಕರೆಂಟ್ ಓವನ್‌ಗಳು, ಮತ್ತೆ ಕಟ್ಟೆಯ ಮೇಲೆ ಬರುವ ಕಾಲ. ಹಾಗಾಗಿಯೇ ಇರಬೇಕು, ಈ ತಿಂಗಳ ಪತ್ರಗಳಲ್ಲಿ ಮಿಕ್ಸಿ, ಗೀಸರ್‌ಗಳಿಗಿಂತ ಓವನ್ನೇ ಜಾಸ್ತಿ. ಆದ್ದರಿಂದ ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಹೊಸ ಓದುಗರಿಗೆ ಒಂದು ಮಾತು. ನಾನು ಅಡುಗೆ ಬಲ್ಲವನಲ್ಲ. ಮೈಸೂರಿನಲ್ಲಿ ರಿಪೇರಿ ಅಂಗಡಿ ಇಟ್ಟುಕೊಂಡವನು. ಓವನ್ ನನ್ನ ಹತ್ತಿರ ಬರುವುದು ಅದರಲ್ಲಿ ಕೇಕ್ ಚೆನ್ನಾಗಿ ಆದಾಗ ಅಲ್ಲ, ಅದು ಕೆಟ್ಟಾಗ. ಕೆಟ್ಟು ಬಂದವುಗಳಲ್ಲಿ ಎಷ್ಟೋ ಸ್ವಚ್ಛ ಮಾಡದೆ ಕೆಟ್ಟವಲ್ಲ, ತಪ್ಪಾಗಿ ಸ್ವಚ್ಛ ಮಾಡಿ ಕೆಟ್ಟವು. ಅದಕ್ಕೇ ನಾನು ಎಲ್ಲರಿಗೂ ಹೇಳುವ ನಿಯಮ ಒಂದೇ. ಬರಿಗೈಯಲ್ಲಿ ಈಚೆ ಬರುವುದನ್ನೆಲ್ಲ ನೀವು ತೊಳೆಯಿರಿ. ಸ್ಕ್ರೂ ಬಿಚ್ಚಿದರೆ ಮಾತ್ರ ಬರುವುದರ ತಂಟೆಗೆ ಹೋಗಬೇಡಿ.

ನಮ್ಮ ಓಟಿಜಿ ಒಳಗೆಲ್ಲ ಕಂದು ಜಿಡ್ಡು ಹಿಡಿದಿದೆ. ಪನೀರ್ ಟಿಕ್ಕಾ ಮಾಡಿದಾಗಲೆಲ್ಲ ಹೊಗೆ. ಮಗ ಓವನ್ ಕ್ಲೀನರ್ ಸ್ಪ್ರೇ ತರಿಸಿದ್ದಾನೆ. ಪಕ್ಕದ ಮನೆಯವರು ಸೋಡಾ, ವಿನೆಗರ್ ಸೇರಿಸಿ ಹಾಕಿ ಅನ್ನುತ್ತಾರೆ. ಯಾವುದು ಸರಿ?
– ಗೃಹಿಣಿ, ವಿಜಯನಗರ, ಬೆಂಗಳೂರು

ಅಮ್ಮಾ, ಮೊದಲು ಆ ಸ್ಪ್ರೇ ಡಬ್ಬಿ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿ. ಸೋಡಿಯಂ ಹೈಡ್ರಾಕ್ಸೈಡ್ ಅಂತ ಇದ್ದರೆ ಅದು ಕಾಸ್ಟಿಕ್ ಸೋಡಾ. ಜಿಡ್ಡನ್ನು ಚೆನ್ನಾಗಿಯೇ ತಿನ್ನುತ್ತದೆ, ಸುಳ್ಳಲ್ಲ. ಆದರೆ ಅದನ್ನು ತಯಾರಿಸಿರುವುದು ಒಳಗೆ ಗಾಜಿನಂಥ ಎನಾಮಲ್ ಬಳಿದ ದೊಡ್ಡ ಓವನ್‌ಗಳಿಗೆ. ನಮ್ಮ ಕಟ್ಟೆಯ ಮೇಲೆ ಕೂರುವ ಓಟಿಜಿಗಳಲ್ಲಿ ಬಹಳಷ್ಟಕ್ಕೆ ಒಳಗಿರುವುದು ಅಲ್ಯೂಮಿನಿಯಂ ಅಥವಾ ಸತುವಿನ ಲೇಪ ಕೊಟ್ಟ ತಗಡು. ಕಾಸ್ಟಿಕ್ ಸೋಡಾ ಆ ಎರಡನ್ನೂ ತಿನ್ನುತ್ತದೆ. ಜಿಡ್ಡು ಹೋಗುತ್ತದೆ, ಜೊತೆಗೆ ಲೇಪವೂ ಹೋಗುತ್ತದೆ. ಆಮೇಲೆ ತುಕ್ಕು ಹಿಡಿಯುವುದಕ್ಕೆ ಒಂದು ಮಳೆಗಾಲ ಸಾಕು. ಇನ್ನು ಸ್ಪ್ರೇ ಹೊಡೆದಾಗ ಅದು ಗೋಡೆಗೆ ಮಾತ್ರ ಬೀಳುವುದಿಲ್ಲ. ರಾಡ್ ಮೇಲೆ, ರಾಡಿನ ತುದಿಯ ಸಂದಿಯಲ್ಲಿ, ಲೈಟಿನ ಹತ್ತಿರ, ಎಲ್ಲ ಕಡೆ ಹೋಗುತ್ತದೆ. ಅಲ್ಲಿ ಉಳಿದದ್ದು ಮುಂದಿನ ಸಲ ಬಿಸಿಯಾದಾಗ ಘಾಟಾಗಿ ಎದ್ದು ಕಣ್ಣು, ಗಂಟಲು ಹಿಡಿಯುತ್ತದೆ. ನಿಮ್ಮ ಓಟಿಜಿಗೆ ಅದು ಬೇಡ. ಡಬ್ಬಿ ವಾಪಸ್ ಮಾಡಿ.

ಪಕ್ಕದ ಮನೆಯವರ ಸಲಹೆಯಲ್ಲಿ ಎರಡೂ ವಸ್ತು ಒಳ್ಳೆಯವೇ, ಸೇರಿಸುವುದು ದಂಡ. ಸೋಡಾ ಕ್ಷಾರ, ವಿನೆಗರ್ ಆಮ್ಲ. ಒಂದರ ಮೇಲೊಂದು ಸುರಿದರೆ ಬುಸ್ ಅಂತ ನೊರೆ ಬರುತ್ತದೆ, ನೋಡೋಕೆ ಚೆಂದ. ಆ ನೊರೆ ಬರೀ ಇಂಗಾಲದ ಡೈಆಕ್ಸೈಡ್. ನೊರೆ ಇಳಿದ ಮೇಲೆ ಉಳಿಯುವುದು ಉಪ್ಪಿನಂಥ ನೀರು, ಅದಕ್ಕೆ ಜಿಡ್ಡು ಬಿಡಿಸುವ ಶಕ್ತಿ ಇಲ್ಲ. ಸೋಡಾ ಮೊದಲು, ವಿನೆಗರ್ ಆಮೇಲೆ, ಬೇರೆ ಬೇರೆಯಾಗಿ ಬಳಸಿ.

ಹೇಗೆ ಅಂತ ಹೇಳುತ್ತೇನೆ. ಪ್ಲಗ್ ಕಿತ್ತು ಇಡಿ. ಸ್ವಿಚ್ ಆರಿಸಿದರೆ ಸಾಲದು, ಪಿನ್ನು ಕಣ್ಣಿಗೆ ಕಾಣಬೇಕು. ಓವನ್ ಬಳಸಿದ್ದರೆ ಕನಿಷ್ಠ ಒಂದು ಗಂಟೆ ಬಿಡಿ. ರಾಡ್ ಕೆಂಪು ಕಳೆದುಕೊಂಡ ಮೇಲೂ ಬಹಳ ಹೊತ್ತು ಕೈ ಸುಡುತ್ತದೆ. ಆಮೇಲೆ ಕಂಬಿ ಜಾಲರಿ, ಟ್ರೇ, ತಳದ ಪುಡಿ ಬೀಳುವ ಟ್ರೇ, ಎಲ್ಲ ಈಚೆ ತೆಗೆದು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದ ಬಿಸಿನೀರಲ್ಲಿ ನೆನೆಹಾಕಿ. ಟ್ರೇ ಅಲ್ಯೂಮಿನಿಯಂ ಆಗಿದ್ದರೆ ವಾಷಿಂಗ್ ಸೋಡಾ ಹಾಕಬೇಡಿ, ಕಪ್ಪಗಾಗುತ್ತದೆ. ಅಡುಗೆ ಸೋಡಾ ಬೇರೆ, ವಾಷಿಂಗ್ ಸೋಡಾ ಬೇರೆ. ಕಿರಾಣಿ ಅಂಗಡಿಯಲ್ಲಿ ಸುಮ್ನೆ "ಸೋಡಾ ಕೊಡಿ" ಅಂದರೆ ಯಾವುದು ಬರುತ್ತದೋ ಹೇಳೋಕಾಗದು.

ಈಗ ಒಳಗೋಡೆ. ಅಡುಗೆ ಸೋಡಾಗೆ ಚಮಚ ಚಮಚವಾಗಿ ನೀರು ಹಾಕಿ ಗಟ್ಟಿಯಾಗಿ ಕಲಸಿ, ಜಾರಬಾರದು. ಜಿಡ್ಡಿರುವ ಕಡೆ ಮಾತ್ರ ಬೆರಳಲ್ಲಿ ಹಚ್ಚಿ. ರಾಡುಗಳಿಗೆ ಸೋಕಿಸಬೇಡಿ. ಎನಾಮಲ್ ಓವನ್ ಆದರೆ ರಾತ್ರಿಯಿಡೀ ಬಿಡಬಹುದು. ನಿಮ್ಮಂಥ ತಗಡಿನ ಓಟಿಜಿಗೆ ಅರ್ಧ ಗಂಟೆ ಸಾಕು. ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಬಟ್ಟೆಯಲ್ಲಿ ಒರೆಸಿ. ಮೂಲೆಗೆ ಹಳೇ ಟೂತ್ ಬ್ರಷ್. ಬಿಳಿ ಪುಡಿ ಉಳಿದರೆ ಬಟ್ಟೆಗೆ ಸ್ವಲ್ಪ ವಿನೆಗರ್ ಹಾಕಿ ಒರೆಸಿ, ಕೊನೆಗೆ ಬರೀ ನೀರಿನ ಬಟ್ಟೆ. ಸ್ಟೀಲ್ ಸ್ಕ್ರಬ್ಬರ್ ಒಳಗೆ ತರಲೇಬೇಡಿ. ಅದು ಗೀರುವುದೊಂದು ಕಡೆ, ಅದರಿಂದ ಉದುರುವ ಕೂದಲೆಳೆಯಂಥ ತಂತಿ ಇನ್ನೊಂದು ಕಡೆ. ಅದು ರಾಡಿನ ತುದಿಯ ಕನೆಕ್ಷನ್‌ಗೆ ಹೋಗಿ ಕೂತರೆ ಶಾರ್ಟ್ ಆಗುತ್ತದೆ.

ಪೂರ್ತಿ ಒಣಗಿದ ಮೇಲೆ, ಕಿಟಕಿ ತೆಗೆದು, ಖಾಲಿ ಓವನ್ ಅನ್ನು 150 ಡಿಗ್ರಿಯಲ್ಲಿ ಹತ್ತು ನಿಮಿಷ ಓಡಿಸಿ. ಅಷ್ಟಾಗಿಯೂ ಕೆಲವು ಕಂದು ಕಲೆ ಉಳಿಯುತ್ತವೆ. ಅದು ಎಣ್ಣೆ ಬಿಸಿಗೆ ವಾರ್ನಿಷ್‌ನಂತೆ ಗಟ್ಟಿಯಾಗಿರುವುದು. ಅದರಿಂದ ಹೊಗೆ ಬರುವುದಿಲ್ಲ, ರುಚಿಯೂ ಕೆಡುವುದಿಲ್ಲ. ಬಿಟ್ಟುಬಿಡಿ ಅಮ್ಮಾ. ಹೊಗೆ ಬರುವುದು ತಳದ ಟ್ರೇಯಲ್ಲಿ ನಿಂತ ಎಣ್ಣೆ ಮತ್ತು ಮಸಾಲೆಯಿಂದ. ಟಿಕ್ಕಾ ಮಾಡಿದ ದಿನವೇ, ಆರಿದ ಮೇಲೆ, ಆ ಟ್ರೇ ಎಳೆದು ತೊಳೆದರೆ ನಿಮ್ಮ ಅರ್ಧ ತೊಂದರೆ ಮುಗಿಯಿತು.

ಇನ್ನೊಂದು ಮಾತು, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಟಾಯ್ಲೆಟ್ ತೊಳೆಯುವ ಆ್ಯಸಿಡ್ ಲಿಕ್ವಿಡ್ ಆಗಲಿ, ವಿನೆಗರ್ ಆಗಲಿ, ಬ್ಲೀಚ್ ಜೊತೆ ಸೇರಬಾರದು. ಕ್ಲೋರಿನ್ ಅನಿಲ ಏಳುತ್ತದೆ. ಓವನ್ ಡಬ್ಬಿಯೊಳಗೆ ತಲೆ ಹಾಕಿಕೊಂಡು ಒರೆಸುವವರಿಗೆ ಅದು ನೇರ ಮೂಗಿಗೆ.

ಮೂರು ತಿಂಗಳಿಂದ ಓಟಿಜಿ ಬಳಸಿರಲಿಲ್ಲ. ಮೊನ್ನೆ ಒಳಗೆಲ್ಲ ಒರೆಸಿ ಹಾಕಿದೆ, ಮನೆಯ ಕರೆಂಟೇ ಹೋಯಿತು. ಮೇನ್ ಹತ್ತಿರದ ಸ್ವಿಚ್ ಎತ್ತಿದರೆ ಮತ್ತೆ ಬೀಳುತ್ತದೆ. ಲೈನ್‌ಮನ್ ಅದನ್ನು ಬೈಪಾಸ್ ಮಾಡಿಕೊಡುತ್ತೇನೆ ಅನ್ನುತ್ತಾನೆ.
– ಶಿಕ್ಷಕರು, ಸಾಗರ

ಬೈಪಾಸ್ ಮಾತ್ರ ಮಾಡಿಸಬೇಡಿ ಸರ್. ದಯವಿಟ್ಟು.

ಬೀಳುತ್ತಿರುವುದು ಆರ್‌ಸಿಸಿಬಿ, ಕರೆಂಟು ಸೋರಿದರೆ ತಾನೇ ಆರಿಸುವ ಸುರಕ್ಷತಾ ಸ್ವಿಚ್. ಹೋದ ಕರೆಂಟು ಪೂರ್ತಿ ವಾಪಸ್ ಬರದೆ 30 ಮಿಲಿ ಆಂಪಿಯರ್‌ನಷ್ಟು ಬೇರೆ ದಾರಿಯಲ್ಲಿ ಸೋರಿದರೂ ಅದು ಬೀಳುತ್ತದೆ, ಬೀಳಲೇಬೇಕು. ಆ ಬೇರೆ ದಾರಿ ಓವನ್ನಿನ ಮೈ ಆಗಿರಬಹುದು, ಅದನ್ನು ಮುಟ್ಟಿದ ನಿಮ್ಮ ಕೈಯೂ ಆಗಿರಬಹುದು.

ನಿಮ್ಮ ಊರಿನ ಮಳೆ ನೋಡಿದರೆ ಕಾರಣ ಊಹಿಸಬಹುದು. ರಾಡ್ ಅಂದರೆ ಗಟ್ಟಿ ಕಬ್ಬಿಣ ಅಲ್ಲ. ಹೊರಗೆ ಲೋಹದ ಕೊಳವೆ, ನಡುವೆ ನಿಕ್ರೋಮ್ ತಂತಿಯ ಸುರುಳಿ, ಇವೆರಡೂ ತಾಗದಂತೆ ಮಧ್ಯೆ ಒತ್ತಿ ತುಂಬಿದ ಬಿಳಿ ಪುಡಿ. ಆ ಪುಡಿ ಮ್ಯಾಗ್ನೀಸಿಯಂ ಆಕ್ಸೈಡ್. ಒಣಗಿದ್ದಾಗ ಅದು ಕರೆಂಟನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಗಾಳಿಯ ತೇವ ಹೀರುವುದು ಅದರ ಗುಣ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುಮ್ಮನೆ ಇಟ್ಟರೆ ರಾಡಿನ ತುದಿಯಿಂದ ತೇವ ಒಳಗಿಳಿಯುತ್ತದೆ, ಅಲ್ಲಿಂದ ಕರೆಂಟು ಮೈಗೆ ಸೋರುತ್ತದೆ. ಅದರ ಮೇಲೆ ನೀವು ಒದ್ದೆ ಬಟ್ಟೆಯಲ್ಲಿ ಒರೆಸಿ ತಕ್ಷಣ ಹಾಕಿದ್ದೀರಿ.

ಈಗ ಮತ್ತೆ ಮತ್ತೆ ಸ್ವಿಚ್ ಎತ್ತಿ ನೋಡಬೇಡಿ. ಓವನ್ನಿನ ಪ್ಲಗ್ ತೆಗೆದು ಒಮ್ಮೆ ಎತ್ತಿದಾಗ ಸ್ವಿಚ್ ಬೀಳದೆ ಮನೆಯ ಕರೆಂಟು ಉಳಿದರೆ ತಪ್ಪು ಓವನ್ನಿನದೇ ಅಂತಾಯಿತು. ಓವನ್ ಅನ್ನು ರಿಪೇರಿಯವರಿಗೆ ಕೊಟ್ಟು "ಮೆಗ್ಗರ್ ಹಾಕಿ ನೋಡಿ" ಅನ್ನಿ. 500 ವೋಲ್ಟ್ ಕೊಟ್ಟು ಸೋರಿಕೆ ಅಳೆಯುವ ಮೀಟರ್ ಅದು. ಬರೀ ಟೆಸ್ಟರ್ ಸ್ಕ್ರೂಡ್ರೈವರ್ ಮುಟ್ಟಿಸಿ ತೀರ್ಮಾನ ಹೇಳುವವರಾದರೆ ಬೇರೆಯವರ ಹತ್ತಿರ ಹೋಗಿ. ತೇವ ಮಾತ್ರ ಆಗಿದ್ದರೆ ಅಂಗಡಿಯಲ್ಲಿ ರಾಡ್ ಒಣಗಿಸಿಕೊಡುತ್ತಾರೆ. ಬಿರುಕು ಬಿಟ್ಟಿದ್ದರೆ ಬದಲಾಯಿಸಬೇಕು.

ಮುಂದಿನ ಮಳೆಗಾಲಕ್ಕೆ ಒಂದು ಕೆಲಸ ಮಾಡಿ. ಬೇಕಿರಲಿ ಬಿಡಲಿ, ಹದಿನೈದು ದಿನಕ್ಕೊಮ್ಮೆ ಓವನ್ ಹಾಕಿ ಕಾಲು ಗಂಟೆ ಬಿಸಿ ಮಾಡಿ. ಹಪ್ಪಳ ಸುಡೋಕಾದರೂ ಆಯಿತು. ಮತ್ತೆ, ಅದರ ಮೇಲೆ ಹೊದಿಸುವ ಪ್ಲಾಸ್ಟಿಕ್ ಕವರ್ ತೆಗೆಯಿರಿ. ಧೂಳು ತಡೆಯುತ್ತದೆ ಅಂತ ಹಾಕುತ್ತಾರೆ, ಅದು ತೇವವನ್ನೂ ಒಳಗೇ ಹಿಡಿದಿಡುತ್ತದೆ.

ಮೈಕ್ರೋವೇವ್‌ನಲ್ಲಿ ಸಾರು ಬಿಸಿ ಮಾಡುವಾಗ ಒಳಗೆ ಚಟಚಟ ಕಿಡಿ ಹಾರಿತು. ಪಾತ್ರೆ ಗಾಜಿನದೇ. ಓವನ್ ಹೋಯಿತಾ?
– ಕಾಲೇಜು ವಿದ್ಯಾರ್ಥಿನಿ, ದಾವಣಗೆರೆ

ಇಲ್ಲಮ್ಮ, ಬಹುಶಃ ಹೋಗಿರಲಿಕ್ಕಿಲ್ಲ. ಬಾಗಿಲು ತೆಗೆದು ಬಲಗಡೆಯ ಒಳಗೋಡೆ ನೋಡು. ರಟ್ಟಿನಂತೆ ಕಾಣುವ, ಬೂದು ಅಥವಾ ಕಂದು ಬಣ್ಣದ ಒಂದು ಚೌಕ ಹಾಳೆ ಇರುತ್ತದೆ. ಅದು ಮೈಕಾ ಶೀಟ್. ಮೈಕ್ರೋವೇವ್ ಅಲೆ ಒಳಗೆ ಬರುವ ಬಾಗಿಲು ಅದರ ಹಿಂದಿದೆ. ಸಾರು, ತುಪ್ಪ ಸಿಡಿದು ಅದರ ಮೇಲೆ ಕೂರುತ್ತದೆ, ದಿನಾ ಬಿಸಿಯಾಗಿ ಕರಕಲಾಗುತ್ತದೆ. ಕರಕಲು ಅಂದರೆ ಇಂಗಾಲ, ಅದು ಕರೆಂಟು ಹರಿಯುವ ವಸ್ತು. ಅಲ್ಲಿಂದಲೇ ಕಿಡಿ.

ಬರೀ ಜಿಡ್ಡಾಗಿದ್ದರೆ ಪ್ಲಗ್ ತೆಗೆದು ಒದ್ದೆ ಬಟ್ಟೆಯಲ್ಲಿ ಮೆತ್ತಗೆ ಒರೆಸು, ಉಜ್ಜಬೇಡ, ಪದರ ಎದ್ದು ಬರುತ್ತದೆ. ಕಪ್ಪು ಚುಕ್ಕೆ ಸುಟ್ಟು ತೂತಾಗಿದ್ದರೆ ಹೊಸದು ಹಾಕಿಸು. ಬಿಡಿಭಾಗದ ಅಂಗಡಿಯಲ್ಲಿ ದೊಡ್ಡ ಶೀಟ್ ಸಿಗುತ್ತದೆ, ಹಳೆಯದರ ಅಳತೆಗೆ ಕತ್ತರಿಯಲ್ಲೇ ಕತ್ತರಿಸಿ ಹಾಕುತ್ತಾರೆ. ದುಬಾರಿ ಕೆಲಸ ಅಲ್ಲ. ಅದು ಬರುವವರೆಗೆ ಓವನ್ ಹಾಕಬೇಡ. ಶೀಟ್ ತೆಗೆದು ಹಾಗೇ ಓಡಿಸುವುದೂ ಬೇಡ.

ಒಳಗೆ ಬಣ್ಣ ಕಿತ್ತುಹೋಗಿ ತಗಡು ಕಾಣುತ್ತಿದ್ದರೂ ಕಿಡಿ ಬರುತ್ತದೆ. ಚಿನ್ನದ ಗೆರೆ ಇರುವ ಕಪ್ ಇಟ್ಟರೂ ಬರುತ್ತದೆ.

ಹೊರಗಿನ ಡಬ್ಬ ಬಿಚ್ಚಿ ನೋಡುತ್ತೇನೆ ಅಂತ ಹಾಸ್ಟೆಲ್‌ನಲ್ಲಿ ಯಾರಾದರೂ ಧೈರ್ಯ ತೋರಿಸಿದರೆ ಕೈ ಹಿಡಿದು ನಿಲ್ಲಿಸು. ಒಳಗಿನ ಕೆಪಾಸಿಟರ್ ಪ್ಲಗ್ ತೆಗೆದ ಮೇಲೂ ಸಾವಿರಾರು ವೋಲ್ಟ್ ಹಿಡಿದುಕೊಂಡಿರಬಹುದು. ಟಿವಿ, ಮಿಕ್ಸಿ ಬಿಚ್ಚಿದ ಅನುಭವ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ನಮ್ಮ ಅಂಗಡಿಯ ಹುಡುಗರಿಗೆ ನಾನು ಕೊನೆಗೆ ಕಲಿಸುವುದು ಮೈಕ್ರೋವೇವ್.

ಮೈಕ್ರೋವೇವ್‌ನಲ್ಲಿ ಮೀನಿನ ಗಸಿ ಬಿಸಿ ಮಾಡಿದ ವಾಸನೆ ಹೋಗುತ್ತಲೇ ಇಲ್ಲ. ಹಾಲು ಬಿಸಿ ಮಾಡಿದರೂ ಬಂಗುಡೆ!
– ಮಂಗಳೂರಿನ ಓದುಗರು

ಬಂಗುಡೆ ಹಾಲು ಎಲ್ಲರಿಗೂ ಸಿಗುವುದಿಲ್ಲ ಬಿಡಿ. ಅಗಲ ಬಾಯಿಯ ಬಟ್ಟಲಿಗೆ ಅರ್ಧ ನೀರು, ಒಂದು ನಿಂಬೆಹಣ್ಣು ಹೋಳು ಮಾಡಿ ಹಾಕಿ, ಒಂದು ಮರದ ಕಡ್ಡಿಯನ್ನೂ ಇಡಿ. ಮರದ ಕಡ್ಡಿ ಯಾಕೆ ಅಂದರೆ, ನುಣುಪು ಪಾತ್ರೆಯಲ್ಲಿ ನೀರು ಗುಳ್ಳೆ ಏಳದೆ ಕುದಿಬಿಂದು ದಾಟಿ, ಮುಟ್ಟಿದ ಕೂಡಲೇ ಉಕ್ಕಿ ಮುಖಕ್ಕೆ ಸಿಡಿಯಬಹುದು. ಮೂರು ನಿಮಿಷ ಓಡಿಸಿ. ಆಮೇಲೆ ಐದು ನಿಮಿಷ ಬಾಗಿಲು ತೆಗೆಯಬೇಡಿ. ಒಳಗಿನ ಹಬೆಯೇ ಜಿಡ್ಡು ಮೆತ್ತಗೆ ಮಾಡುತ್ತದೆ, ಒರೆಸಿದರೆ ಬರುತ್ತದೆ.

ಎಲ್ಲರೂ ಇಷ್ಟು ಮಾಡುತ್ತಾರೆ. ಮರೆಯುವುದು ಎರಡು ಕಡೆ. ಒಂದು, ತಿರುಗುವ ಗಾಜಿನ ತಟ್ಟೆಯ ಅಡಿಯಲ್ಲಿರುವ ಚಕ್ರದ ಬಳೆ. ಎತ್ತಿದರೆ ಬರುತ್ತದೆ, ತೊಳೆಯಿರಿ. ಎರಡು, ಬಾಗಿಲು ಚೌಕಟ್ಟಿಗೆ ಕೂರುವ ಅಂಚು. ಅಲ್ಲಿ ಅಂಟಿದ ಗಸಿ ವಾಸನೆ ಮಾತ್ರ ಅಲ್ಲ, ಬಾಗಿಲು ಸರಿಯಾಗಿ ಕೂರದ ಹಾಗೂ ಮಾಡುತ್ತದೆ. ಬಾಗಿಲು ಸಡಿಲಾಗಿದ್ದರೆ, ಸೊಟ್ಟಗಾಗಿದ್ದರೆ ಅದು ಸರಿಯಾಗುವವರೆಗೆ ಓವನ್ ಬಳಸಬಾರದು.

ಓವನ್ ಹಿಂದಿನ ತೂತುಗಳಿಂದ ಜಿರಳೆ ಮರಿಗಳು ಬರುತ್ತಿವೆ. ಸ್ಪ್ರೇ ಹೊಡೆಯಬಹುದಾ?
– ಹಾಸನ

ಬೇಡವೇ ಬೇಡ. ಆ ಡಬ್ಬಿಯಲ್ಲಿ ಔಷಧಿ ತಳ್ಳುವ ಅನಿಲ ಸಾಮಾನ್ಯವಾಗಿ ಬೆಂಕಿ ಹಿಡಿಯುವಂಥದ್ದು. ಜೊತೆಗೆ ವಿಷ ಊಟ ಇಡುವ ಜಾಗಕ್ಕೂ ಬರುತ್ತದೆ. ಜಿರಳೆಗೆ ಡಿಸ್‌ಪ್ಲೇ ಹಿಂದಿನ ಬೋರ್ಡ್ ಅಂದರೆ ಬಹಳ ಇಷ್ಟ, ಸದಾ ಬೆಚ್ಚಗಿರುತ್ತದೆ. ಓವನ್ ಸುತ್ತಲಿನ ಗೋಡೆಯಂಚಿಗೆ, ಕಟ್ಟೆಯ ಕೆಳಗೆ ಜಿರಳೆ ಕೊಲ್ಲುವ ಜೆಲ್ ಇಡಿ, ಓವನ್ನಿಗೆ ಅಲ್ಲ. ಬಳಸದಾಗ ಪ್ಲಗ್ ತೆಗೆದಿಡಿ, ಒಳಗೆ ತಣ್ಣಗಾದರೆ ಅವಕ್ಕೂ ಆಸೆ ಕಮ್ಮಿ. ಮತ್ತೆ ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದಿಟ್ಟರೆ ಹಿಂದುಗಡೆ ಗುಡಿಸೋಕೂ ಆಗುತ್ತದೆ, ಬಿಸಿಗಾಳಿ ಹೋಗೋಕೂ ಜಾಗ.

ನಾವು ಟೆಕ್ಸಾಸ್‌ನಲ್ಲಿದ್ದೇವೆ. ಬಾಡಿಗೆ ಮನೆಯ ಓವನ್‌ನಲ್ಲಿ ಸೆಲ್ಫ್ ಕ್ಲೀನ್ ಬಟನ್ ಇದೆ. ಊರಿಂದ ಅತ್ತೆ ಮಾವ ಬರುತ್ತಿದ್ದಾರೆ, ಅದರ ಹಿಂದಿನ ದಿನ ಒತ್ತಿಬಿಡೋಣ ಅಂತಿದ್ದೇನೆ. ಮನೆಯಲ್ಲಿ ಎರಡು ಲವ್ ಬರ್ಡ್ಸ್ ಇವೆ.
– ಆಸ್ಟಿನ್‌ನಿಂದ ಓದುಗರು

ಒತ್ತುವ ಮೊದಲು ಓವನ್ ಬಾಗಿಲು ತೆಗೆದು ನೋಡಿ ತಂಗಿ. ನಮ್ಮವರ ಮನೆಗಳಲ್ಲಿ ಅಲ್ಲಿ ಓವನ್ ಅಂದರೆ ಬೀರು. ಬಾಣಲೆ, ದೋಸೆ ಕಾವಲಿ, ಕುಕ್ಕರ್, ಪ್ಲಾಸ್ಟಿಕ್ ಡಬ್ಬಿ, ಎಲ್ಲ ಅದರೊಳಗೇ. ನನ್ನ ತಮ್ಮನ ಮನೆಯಲ್ಲೂ ಹಾಗೇ. ಎಲ್ಲ ಈಚೆ ಬರಲಿ. ಕೆಳಗಿನ ಡ್ರಾಯರ್‌ನಲ್ಲಿ ಇಟ್ಟಿದ್ದೂ ಬರಲಿ.

ಆ ಬಟನ್ ಮಾಡುವ ಕೆಲಸ ಸರಳ. ಬಾಗಿಲು ಲಾಕ್ ಮಾಡಿಕೊಂಡು ಒಳಗನ್ನು ಸುಮಾರು 470ರಿಂದ 500 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ಜಿಡ್ಡನ್ನು ಸುಟ್ಟು ಬೂದಿ ಮಾಡುತ್ತದೆ. ಸಾಮಾನ್ಯವಾಗಿ ಎರಡರಿಂದ ನಾಲ್ಕು ಗಂಟೆ. ದೊಡ್ಡ ಜಿಡ್ಡನ್ನು ಮೊದಲೇ ಕೈಯಲ್ಲಿ ಒರೆಸಿ ತೆಗೆಯಿರಿ, ಇಲ್ಲದಿದ್ದರೆ ಮನೆಯೆಲ್ಲ ಹೊಗೆಯಾಗಿ ಸ್ಮೋಕ್ ಅಲಾರಂ ಕೂಗುತ್ತದೆ. ಕಂಬಿ ಜಾಲರಿಗಳನ್ನೂ ತೆಗೆಯಿರಿ. ಹೊಳಪು ಹೋಗುತ್ತದೆ, ಆಮೇಲೆ ಎಳೆದರೆ ಸರಾಗವಾಗಿ ಬರುವುದಿಲ್ಲ. ಇಂಥ ಓವನ್‌ಗೆ ಕ್ಲೀನರ್ ಸ್ಪ್ರೇ ಕೂಡ ಬೇಡ, ಉಳಿದದ್ದು ಆ ಬಿಸಿಗೆ ಎನಾಮಲ್ ಅನ್ನೇ ಕಚ್ಚುತ್ತದೆ.

ಹಕ್ಕಿಗಳ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ನಾನ್‌ಸ್ಟಿಕ್ ಲೇಪ ವಿಪರೀತ ಬಿಸಿಯಾದಾಗ ಏಳುವ ಹೊಗೆಗೆ ಪಂಜರದ ಹಕ್ಕಿಗಳು ನಿಮಿಷಗಳಲ್ಲಿ ಸಾಯುತ್ತವೆ. ಅವುಗಳ ಶ್ವಾಸಕೋಶ ಅಷ್ಟು ಸೂಕ್ಷ್ಮ. ಜಿಡ್ಡು ಸುಡುವ ಹೊಗೆಯೂ ಅವಕ್ಕೆ ಆಗದು. ಪಕ್ಕದ ಕೋಣೆಯಲ್ಲಿಟ್ಟರೆ ಸಾಲದು. ಪಂಜರವನ್ನು ಸ್ನೇಹಿತರ ಮನೆಗೆ ಕಳಿಸಿ, ಕಿಟಕಿ ತೆಗೆದು ಗಾಳಿ ಪೂರ್ತಿ ಹೋದ ಮೇಲೆ ತನ್ನಿ. ನೀವೂ ಬಟನ್ ಒತ್ತಿ ಅಂಗಡಿಗೆ ಹೋಗಿಬಿಡಬೇಡಿ, ಮನೆಯಲ್ಲೇ ಇರಿ.

ಇನ್ನು ಹಿಂದಿನ ದಿನ ಮಾತ್ರ ಬೇಡ. ಅಷ್ಟು ಬಿಸಿಗೆ ಒಳಗಿನ ಥರ್ಮಲ್ ಫ್ಯೂಸ್ ಹೋಗುವುದು, ಬಾಗಿಲ ಲಾಕ್ ಬಿಚ್ಚಿಕೊಳ್ಳದೆ ನಿಲ್ಲುವುದು ಹೊಸ ಕಥೆಯಲ್ಲ. ಎರಡು ವಾರ ಮೊದಲೇ ಮಾಡಿ, ಇಲ್ಲ ಸೋಡಾ ಹಚ್ಚಿ ಕೈಯಲ್ಲೇ ಒರೆಸಿ. ನನ್ನನ್ನು ಕೇಳಿದರೆ ಎರಡನೆಯದೇ. ಅತ್ತೆಯವರು ಓವನ್ ಬಾಗಿಲು ತೆಗೆದು ನೋಡುತ್ತಾರೆ ಅಂತ ನನಗಂತೂ ಅನಿಸುವುದಿಲ್ಲ.

ಬಾಗಿಲಿನ ಎರಡು ಗಾಜುಗಳ ಮಧ್ಯೆ ಎಣ್ಣೆ ಇಳಿದ ಗೆರೆ ಇದೆ. ಬ್ಲೇಡ್ ಹಾಕಿ ಕೆರೆಯಲಾ?
– ನಿವೃತ್ತ ಬ್ಯಾಂಕ್ ಉದ್ಯೋಗಿ, ಧಾರವಾಡ

ಬ್ಲೇಡ್ ಬೇಡ ಸರ್. ಓವನ್ ಗಾಜು ಟೆಂಪರ್ಡ್ ಗಾಜು. ಆಳವಾದ ಒಂದು ಗೀರು ಬಿದ್ದರೆ, ಮುಂದೆ ಎಂದೋ ಬಿಸಿಯಾದಾಗ ಪೂರ್ತಿ ಪುಡಿಯಾಗಿ ಸುರಿಯಬಹುದು. ಬಿಸಿ ಗಾಜಿಗೆ ತಣ್ಣೀರು ಬಟ್ಟೆ ಇಟ್ಟರೂ ಅದೇ ಗತಿ. ಕೆಲವು ದೊಡ್ಡ ಓವನ್‌ಗಳಲ್ಲಿ ಒಳಗಿನ ಗಾಜು ಕೈಯಲ್ಲೇ ಜಾರಿಸಿ ತೆಗೆಯುವ ಹಾಗಿರುತ್ತದೆ, ಮ್ಯಾನ್ಯುಯಲ್‌ನಲ್ಲಿ ಚಿತ್ರ ಇದ್ದರೆ ಮಾಡಿ. ಸ್ಕ್ರೂ ಇದ್ದರೆ ಬಿಡಿ. ಬಾಗಿಲ ಕೀಲಿನಲ್ಲಿರುವ ಸ್ಪ್ರಿಂಗ್ ಬಲವಾಗಿರುತ್ತದೆ, ಬೆರಳು ಸಿಕ್ಕಿದರೆ ಕಷ್ಟ. ಅಂಚಿನ ರಬ್ಬರನ್ನೂ ಉಜ್ಜಬೇಡಿ, ಸುಮ್ನೆ ಒರೆಸಿ.

ತಳಕ್ಕೆ ಅಲ್ಯೂಮಿನಿಯಂ ಫಾಯಿಲ್ ಹಾಸಿದರೆ ಕ್ಲೀನ್ ಮಾಡುವ ಕೆಲಸವೇ ಇರಲ್ಲ ಅಲ್ವಾ?
– ತುಮಕೂರು

ಅಲ್ಲ. ಫಾಯಿಲ್ ಬಿಸಿಯನ್ನು ಕೆಳಗಿನ ರಾಡಿಗೇ ವಾಪಸ್ ಕಳಿಸುತ್ತದೆ, ರಾಡಿಗೆ ಬೇಗ ಆಯಸ್ಸು ಮುಗಿಯುತ್ತದೆ. ಎನಾಮಲ್ ತಳಕ್ಕಾದರೆ ಅಂಟಿಕೊಂಡು ಕೂತುಬಿಡುತ್ತದೆ. ಕೊಟ್ಟಿರುವ ಟ್ರೇ ಬಳಸಿ.

ನನ್ನ 1500 ವಾಟ್ ಓಟಿಜಿಯನ್ನು ಮಿಕ್ಸಿ ಹಾಕುವ ಸಾಕೆಟ್‌ಗೇ ಕನ್ವರ್ಟರ್ ಪ್ಲಗ್ ಹಾಕಿ ಬಳಸುತ್ತಿದ್ದೇನೆ. ಇಷ್ಟು ದಿನ ಏನೂ ಆಗಿಲ್ಲ. ಓವನ್ ಮುಟ್ಟಿದರೆ ಸ್ವಲ್ಪ ಜುಮ್ ಅನ್ನುತ್ತದೆ ಅಷ್ಟೆ. ಹಳೆಯದು, ಹೊಸದು ತಗೊಳ್ಳಬೇಕಾ?
– ಮಂಡ್ಯ

"ಅಷ್ಟೆ" ಅಂದಿರಲ್ಲ, ಅದೇ ಈ ತಿಂಗಳ ಪತ್ರಗಳಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸಿದ ಮಾತು. ಈಗಲೇ ಪ್ಲಗ್ ತೆಗೆಯಿರಿ.

1500 ವಾಟನ್ನು 230 ವೋಲ್ಟಿನಿಂದ ಭಾಗಿಸಿ. ಆರೂವರೆ ಆಂಪಿಯರ್ ಬರುತ್ತದೆ. ಮಿಕ್ಸಿ ಸಾಕೆಟ್ ಇರುವುದು 6ಕ್ಕೆ. ವ್ಯತ್ಯಾಸ ಕಡಿಮೆ ಅನಿಸಬಹುದು, ಆದರೆ ಮಿಕ್ಸಿ ಎರಡು ನಿಮಿಷ ಓಡುತ್ತದೆ, ಓವನ್ ಮುಕ್ಕಾಲು ಗಂಟೆ. ನಿಮ್ಮ ಕನ್ವರ್ಟರ್ ಕಿತ್ತು ಪಿನ್ನು ನೋಡಿ. ಹಿತ್ತಾಳೆಯ ಹೊಳಪು ಹೋಗಿ ತುದಿ ನೀಲಿ-ಕಪ್ಪಾಗಿದೆಯಾ? ಸಾಕೆಟ್ಟಿನ ತೂತಿನ ಸುತ್ತ ಕಂದು ಉಂಗುರ ಬಿದ್ದಿದೆಯಾ? ಮೂಗು ಹತ್ತಿರ ತಂದರೆ ಸುಟ್ಟ ಮೀನಿನಂಥ ವಾಸನೆ ಇದೆಯಾ? ಇದ್ದರೆ ಒಳಗಿನ ಪ್ಲಾಸ್ಟಿಕ್ ಆಗಲೇ ಬೇಯುತ್ತಿದೆ. ಎಲೆಕ್ಟ್ರಿಷಿಯನ್ ಕರೆಸಿ, ಓವನ್ನಿಗೆಂದೇ ದಪ್ಪ ವೈರ್ ಎಳೆಸಿ 16 ಆಂಪಿಯರ್ ಸಾಕೆಟ್ ಹಾಕಿಸಿ. ಎಕ್ಸ್‌ಟೆನ್ಶನ್ ಬೋರ್ಡ್ ಕೂಡ ಬೇಡ.

ಜುಮ್ ಅನ್ನುವುದು ಅರ್ಥಿಂಗ್ ಇಲ್ಲ ಅಥವಾ ಕಡಿದಿದೆ ಅನ್ನುವುದರ ಗುರುತು. ಕನ್ವರ್ಟರ್‌ನಲ್ಲಿ ದಪ್ಪ ಮೂರನೇ ಪಿನ್ನಿಗೆ ದಾರಿಯೇ ಇರದೆ ಹೋಗಿರಬಹುದು. ಒದ್ದೆ ಬಟ್ಟೆ ಹಿಡಿದು, ಬರಿಗಾಲಲ್ಲಿ ನಿಂತು ಒರೆಸುವಾಗ ಅದು ಜುಮ್ಮಿಗೆ ನಿಲ್ಲುವುದಿಲ್ಲ. ಅರ್ಥ್ ಸರಿಮಾಡಿಸಿ, ಓವನ್ನಿಗೂ ಮೆಗ್ಗರ್ ಹಾಕಿಸಿ. ಆಮೇಲೆಯೇ ಬಳಕೆ.

ಒಳಗೆ ಬೆಂಕಿ ಕಾಣಿಸಿಕೊಂಡರೆ ಏನು ಮಾಡಬೇಕು ಅಂತ ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಬಾಗಿಲು ತೆಗೆಯಬೇಡಿ. ಗಾಳಿ ಸಿಕ್ಕರೆ ಜೋರಾಗುತ್ತದೆ. ಗೋಡೆಯ ಸ್ವಿಚ್ ಆರಿಸಿ, ಅಲ್ಲಿಗೆ ಕೈ ಹೋಗದಿದ್ದರೆ ಮೇನ್ ಆರಿಸಿ. ನೀರು ಹಾಕಬೇಡಿ. ಹೆಚ್ಚಿನ ಸಲ ಒಳಗೇ ನಂದುತ್ತದೆ. ಹೊರಗೆ ಬಂದರೆ ಎಲ್ಲರೂ ಮನೆಯಿಂದ ಆಚೆ ಬನ್ನಿ, 101 ಅಥವಾ 112ಕ್ಕೆ ಫೋನ್ ಮಾಡಿ.

ಹೊಸದು ಬೇಕಾ ಅನ್ನುವುದಕ್ಕೆ ಉತ್ತರ: ರಾಡ್, ಥರ್ಮೋಸ್ಟಾಟ್, ಟೈಮರ್, ಬಲ್ಬ್, ವೈರ್, ಇವೆಲ್ಲ ಬದಲಾಯಿಸಬಹುದು, ಹಳೆಯದು ಅಂತ ಎಸೆಯಬೇಡಿ. ಒಳತಗಡು ತುಕ್ಕು ಹಿಡಿದು ತೂತಾಗಿದ್ದರೆ, ಬಾಗಿಲು ಮುಚ್ಚಿದರೂ ಸಂದಿ ಉಳಿಯುತ್ತಿದ್ದರೆ ಮಾತ್ರ ದುಡ್ಡು ಹಾಕಬೇಡಿ. ಅಂಥದ್ದನ್ನು ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ, ವೈರ್ ಕತ್ತರಿಸಿ ಕೊಡಿ. ಇಲ್ಲದಿದ್ದರೆ ಯಾರಾದರೂ ಮತ್ತೆ ಪ್ಲಗ್‌ಗೆ ಸಿಕ್ಕಿಸಿ ನೋಡುತ್ತಾರೆ. ಹೊಸದು ತಂದರೆ ಮೊದಲ ದಿನ ಕಿಟಕಿ ತೆಗೆದು ಖಾಲಿ ಓವನ್ 250 ಡಿಗ್ರಿಯಲ್ಲಿ ಹದಿನೈದು ಇಪ್ಪತ್ತು ನಿಮಿಷ ಓಡಿಸಿ. ಒಂದಿಷ್ಟು ಹೊಗೆ, ವಾಸನೆ ಬರುತ್ತದೆ. ಫ್ಯಾಕ್ಟರಿಯಲ್ಲಿ ರಾಡಿಗೆ ಸವರಿದ ಎಣ್ಣೆ ಅದು, ಅಂಗಡಿಗೆ ವಾಪಸ್ ಒಯ್ಯಬೇಡಿ.